ಹೊಲಿಗೆ ಯಂತ್ರ ಕೊಡುವ ಮೊದಲು

ಅಂಗವಿಕಲರಿಗೆ ಯಾವ ಕಸುಬಿನ ತರಬೇತಿ ಕೊಡಬೇಕು ಎಂಬ ವಿಷಯದಲ್ಲಿ ನಮ್ಮಲ್ಲಿ ಉತ್ತರ ಮೊದಲು ತಯಾರಾಗಿರುತ್ತದೆ, ಪ್ರಶ್ನೆ ಆಮೇಲೆ ಬರುತ್ತದೆ. ಕಿವಿ ಕೇಳದ ಹೆಣ್ಣುಮಗಳಿಗೆ ಹೊಲಿಗೆ, ಕಣ್ಣು ಕಾಣದವರಿಗೆ ಬೆತ್ತದ ಕುರ್ಚಿ ಹೆಣಿಗೆ, ಕಾಲಿಗೆ ಪೋಲಿಯೊ ಬಡಿದವರಿಗೆ ಕಂಪ್ಯೂಟರ್ ಇಲ್ಲವೇ ಝೆರಾಕ್ಸ್ ಅಂಗಡಿ, ಬುದ್ಧಿ ಬೆಳವಣಿಗೆ ನಿಧಾನವಾದವರಿಗೆ ಮೇಣದಬತ್ತಿ ಅಥವಾ ಕಾಗದದ ಲಕೋಟೆ. ಸರ್ಕಾರದ ಯೋಜನೆಗಳ ಪಟ್ಟಿ ನೋಡಿದರೂ ಇದೇ ಬಗೆಯ ಜೋಡಣೆ: ಶ್ರವಣದೋಷ ಉಳ್ಳವರಿಗೆ ಹೊಲಿಗೆ ಯಂತ್ರ, ದೃಷ್ಟಿದೋಷ ಉಳ್ಳ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್, ಕಾಲಿನ ಬಲ ಕಳೆದುಕೊಂಡವರಿಗೆ ಯಂತ್ರಚಾಲಿತ ವಾಹನ. ಈ ವಸ್ತುಗಳಲ್ಲಿ ತಪ್ಪೇನಿಲ್ಲ. ಎಷ್ಟೋ ಜನರ ಬದುಕು ಅವುಗಳಿಂದ ಹಗುರಾಗಿದೆ. ತಪ್ಪಿರುವುದು ದೇಹದ ಒಂದು ಕೊರತೆಯ ಹೆಸರನ್ನು ನೋಡಿ ಬದುಕಿನ ಒಂದು ಕಸುಬನ್ನು ಹೇಳಿಬಿಡಬಹುದು ಎಂಬ ನಂಬಿಕೆಯಲ್ಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡರೆ ಆ ನಂಬಿಕೆ ಎಷ್ಟು ಸಡಿಲವಾದದ್ದು ಎಂಬುದು ಚೆನ್ನಾಗಿ ಕಾಣುತ್ತದೆ. ಇಲ್ಲಿ ತರಬೇತಿಯ ಅಗತ್ಯವನ್ನು ಅಳೆಯಲು ಹೊರಡುವವರು ಮೊದಲು ಕೇಳಬೇಕಾದದ್ದು ‘ನಿಮಗೆ ಏನು ಊನ’ ಎಂದೂ ಅಲ್ಲ, ‘ಯಾವ ತರಬೇತಿ ಬೇಕು’ ಎಂದೂ ಅಲ್ಲ. ‘ಈಗ ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ, ಅದರಲ್ಲಿ ಎಲ್ಲಿ ಕೈ ನಿಲ್ಲುತ್ತದೆ’ ಎಂದು ಕೇಳಬೇಕು.

ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ರಾಮನಗರ ಜಿಲ್ಲೆಯಾದವು. ಆಮೇಲೆ ಕನಕಪುರದಿಂದ ಹಾರೋಹಳ್ಳಿ ಬೇರೆ ತಾಲ್ಲೂಕಾಯಿತು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಹೆಸರು ಬದಲಾದಷ್ಟು ಸುಲಭವಾಗಿ ದುಡಿಮೆಯ ಬಗೆ ಬದಲಾಗುವುದಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 10,82,636. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಹಳ್ಳಿಯವರು. ಅದೇ ಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತು, ಅಂದರೆ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ರಾಜ್ಯದ ಈ ಸರಾಸರಿಯನ್ನೇ ಇಲ್ಲಿಗೂ ಹಾಕಿದರೆ ಜಿಲ್ಲೆಯಲ್ಲಿ ಸುಮಾರು 23 ಸಾವಿರ ಮಂದಿ ಇರಬೇಕು. ಇದು ಕಡಿಮೆ ಲೆಕ್ಕ. ಆ ಗಣತಿ ಎಣಿಸಿದ್ದು ಎಂಟು ಬಗೆಯ ಅಂಗವಿಕಲತೆಯನ್ನು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯನ್ನು ಗುರುತಿಸುತ್ತದೆ. ಆ್ಯಸಿಡ್ ದಾಳಿಗೆ ತುತ್ತಾದವರು, ಪಾರ್ಕಿನ್‌ಸನ್ ಕಾಯಿಲೆಯವರು, ಕುಡಗೋಲು ಕಣ ರಕ್ತಹೀನತೆ ಇರುವವರು ಎಲ್ಲರೂ ಈಗ ಪಟ್ಟಿಯಲ್ಲಿದ್ದಾರೆ. ಅದೇ ಕಾಯ್ದೆಯ 19ನೇ ಕಲಮು ವೃತ್ತಿ ತರಬೇತಿ ಮತ್ತು ಸ್ವಯಂ ಉದ್ಯೋಗಕ್ಕೆ ಸರ್ಕಾರ ಯೋಜನೆ ರೂಪಿಸಬೇಕು ಎನ್ನುತ್ತದೆ. ಯೋಜನೆ ಏನೋ ಇದೆ. ಅದು ಯಾರಿಗೆ, ಯಾವುದಕ್ಕೆ ಎಂಬುದನ್ನು ಕಂಡುಕೊಳ್ಳುವ ದಾರಿ ಮಾತ್ರ ಇನ್ನೂ ಕಾಲುದಾರಿಯಾಗಿಯೇ ಉಳಿದಿದೆ.

ಕೈಗೆ ಸುಲಭವಾಗಿ ಸಿಗುವ ಅಳತೆಗೋಲು ಪ್ರಮಾಣಪತ್ರ. ಅದರಲ್ಲಿ ಶೇಕಡಾ 40, ಶೇಕಡಾ 60, ಶೇಕಡಾ 75 ಎಂದು ವೈದ್ಯರು ಬರೆದಿರುತ್ತಾರೆ. ಮಾಸಾಶನಕ್ಕೂ ಮೀಸಲಾತಿಗೂ ಇಂಥದ್ದೊಂದು ಗೆರೆ ಬೇಕೇಬೇಕು. ಕಸುಬಿನ ವಿಷಯದಲ್ಲಿ ಆ ಅಂಕಿ ಬಹುಮಟ್ಟಿಗೆ ಮೂಕ. ಇಬ್ಬರ ಚೀಟಿಯಲ್ಲೂ ಶೇಕಡಾ 60 ಎಂದಿದೆ ಎಂದುಕೊಳ್ಳೋಣ. ಒಬ್ಬರಿಗೆ ಪೋಲಿಯೊದಿಂದ ಎರಡೂ ಕಾಲು ಸೊರಗಿವೆ, ತೋಳಿನಲ್ಲಿ ಒಳ್ಳೆಯ ಬಲವಿದೆ. ಇನ್ನೊಬ್ಬರಿಗೆ ಬಲಗೈ ಮುಂಗೈವರೆಗೆ ಇಲ್ಲ, ಕಾಲು ಗಟ್ಟಿ. ಚನ್ನಪಟ್ಟಣದಲ್ಲಿ ಕಾಲಿನ ಪೆಡಲು ಬೇಡದ ಗೊಂಬೆ ಲೇತಿನ ಮುಂದೆ ಮೊದಲನೆಯವರು ನಿಶ್ಚಿಂತೆಯಿಂದ ಕೂರಬಹುದು. ಎರಡನೆಯವರಿಗೆ ಅದು ಅಪಾಯ. ಹಿಪ್ಪುನೇರಳೆ ತೋಟದ ನೀರು ಹಾಯಿಸುವ, ಸೊಪ್ಪು ಸಾಗಿಸುವ ಉಸ್ತುವಾರಿಯಲ್ಲಿ ಎರಡನೆಯವರು ಮುಂದು, ಮೊದಲನೆಯವರು ಬದುವಿನಲ್ಲೇ ನಿಲ್ಲುತ್ತಾರೆ. ಚೀಟಿಯ ಅಂಕಿ ಒಂದೇ, ಕೆಲಸದ ದಾರಿ ತಿರುಗುಮುರುಗು. ಅಂಕಿಯಿಂದ ಆರಂಭಿಸಿದ ಸಮೀಕ್ಷೆ ಇವರಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಂದೇ ಪಾಠ ಹೇಳುತ್ತದೆ. ಜಗತ್ತಿನ ಅನೇಕ ದೇಶಗಳು ಈಗ ಬಳಸುವ ವಾಷಿಂಗ್ಟನ್ ಗುಂಪಿನ ಪ್ರಶ್ನೆಗಳು ಈ ಕಾರಣಕ್ಕೇ ಊನದ ಹೆಸರನ್ನು ಕೇಳುವುದಿಲ್ಲ. ನೋಡಲು, ಕೇಳಲು, ನಡೆಯಲು, ನೆನಪಿಡಲು, ತನ್ನ ಆರೈಕೆ ಮಾಡಿಕೊಳ್ಳಲು, ಇತರರೊಡನೆ ಮಾತಾಡಲು ಎಷ್ಟು ಕಷ್ಟವಾಗುತ್ತದೆ ಎಂದಷ್ಟೇ ಕೇಳುತ್ತವೆ. ಕಸುಬಿನ ಸಮೀಕ್ಷೆ ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವ ಕೆಲಸದ ಯಾವ ಹಂತದಲ್ಲಿ ಕಷ್ಟ ಎಂದು ಕೇಳಬೇಕಾಗುತ್ತದೆ.

ಅಂಕಿಅಂಶಗಳ ಇನ್ನೊಂದು ಮೋಸವೂ ಇದೆ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನ ಪ್ರಕಾರ ದೇಶದಲ್ಲಿ 15 ವರ್ಷ ತುಂಬಿದ ಅಂಗವಿಕಲರಲ್ಲಿ ದುಡಿಯುತ್ತಿರುವವರು ಅಥವಾ ಕೆಲಸ ಹುಡುಕುತ್ತಿರುವವರು ಶೇಕಡಾ 23.8 ಮಾತ್ರ. ಆದರೆ ಅವರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡಾ 4.2. ಎರಡನೆಯ ಅಂಕಿಯನ್ನಷ್ಟೇ ಓದಿದವರಿಗೆ ಅಂಗವಿಕಲರಲ್ಲಿ ನಿರುದ್ಯೋಗದ ಸಮಸ್ಯೆಯೇ ಇಲ್ಲ ಅನ್ನಿಸಬೇಕು! ನಿಜ ಸಂಗತಿ ಎಂದರೆ, ಕೆಲಸ ಹುಡುಕುವುದನ್ನು ಬಿಟ್ಟವರನ್ನು ನಿರುದ್ಯೋಗಿ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಸಿಗುವುದಿಲ್ಲ ಎಂದು ಗೊತ್ತಿದ್ದ ಮೇಲೆ ಹುಡುಕುವುದೇಕೆ? 2011ರ ಜನಗಣತಿಯಲ್ಲಿ ದೇಶದ ಅಂಗವಿಕಲ ಗಂಡಸರಲ್ಲಿ ಶೇಕಡಾ 47 ಮಂದಿ, ಹೆಂಗಸರಲ್ಲಿ ಶೇಕಡಾ 23 ಮಂದಿ ಮಾತ್ರ ದುಡಿಯುವವರು ಎಂದು ದಾಖಲಾಗಿದ್ದಾರೆ. ಹೆಂಗಸರ ಆ ಅಂಕಿಯಲ್ಲಿ ಹಟ್ಟಿಯ ಸಗಣಿ ಬಾಚಿದ್ದು, ರಾಗಿ ಹಸನು ಮಾಡಿದ್ದು, ಹುಳಕ್ಕೆ ಸೊಪ್ಪು ಹಾಕಿದ್ದು ಎಷ್ಟು ಸೇರಿದೆ? ಮನೆ ಬಾಗಿಲಿಗೆ ಬಂದ ಗಣತಿದಾರರಿಗೆ ‘ಅವಳು ಏನೂ ಮಾಡಲ್ಲ, ಮನೇಲಿರ್ತಾಳೆ’ ಎಂಬ ಉತ್ತರ ಸಿಕ್ಕಿದ್ದರೆ ಸೇರಿರುವುದಿಲ್ಲ. ತರಬೇತಿಯ ಸಮೀಕ್ಷೆಗೂ ಇದೇ ಉತ್ತರ ಸಿಗುತ್ತದೆ. ಏನೂ ಮಾಡದವರಿಗೆ ಏನಾದರೂ ಕಲಿಸೋಣ ಎಂದು ಸಂಸ್ಥೆಗಳು ಹೊರಡುವುದು ಆ ಉತ್ತರವನ್ನು ನಂಬಿ.

ರೇಷ್ಮೆಯನ್ನೇ ತೆಗೆದುಕೊಳ್ಳಿ. ಈ ನಾಡಿನ ಹಳ್ಳಿಯ ಬದುಕಿಗೆ ಅದು ಕೇವಲ ಬೆಳೆಯಲ್ಲ, ತಿಂಗಳ ಲೆಕ್ಕ. ಹುಳ ಮೊಟ್ಟೆಯೊಡೆದು ಗೂಡು ಕಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ನಾಲ್ಕು ವಾರ. ನಡುವೆ ನಾಲ್ಕು ಜ್ವರ, ಅಂದರೆ ಹುಳ ಸೊಪ್ಪು ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತು. ಹೊರಗಿನವರಿಗೆ ರೇಷ್ಮೆ ಸಾಕಾಣಿಕೆ ಒಂದು ಕೆಲಸ. ಒಳಗಿನವರಿಗೆ ಅದು ಹತ್ತಾರು ಕೆಲಸ: ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚುವುದು, ಮನೆಯ ಬಿಸಿ ಮತ್ತು ತೇವ ಕಾಯುವುದು, ಹಾಸಿಗೆಯ ಕಸ ತೆಗೆಯುವುದು, ಜ್ವರಕ್ಕೆ ಹೋದ ಹುಳವನ್ನು ಗುರುತಿಸಿ ಸೊಪ್ಪು ನಿಲ್ಲಿಸುವುದು, ರೋಗದ ಹುಳ ಆರಿಸಿ ತೆಗೆಯುವುದು, ಹಣ್ಣಾದ ಹುಳವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಜೊಳ್ಳು ಗೂಡು ಬೇರ್ಪಡಿಸುವುದು. ಕಾಲು ನಡೆಯದವರಿಗೆ ಸೊಪ್ಪಿನ ಹೊರೆ ಹೊರುವುದು ಆಗದು. ಹೆಚ್ಚುವುದು, ಆರಿಸುವುದು, ಬಿಡಿಸುವುದು ಆಗುತ್ತದೆ. ಕಿವಿ ಕೇಳದವರಿಗೆ ಈ ಪಟ್ಟಿಯಲ್ಲಿ ಆಗದ್ದು ಒಂದೂ ಇಲ್ಲ. ಕಣ್ಣು ಕಾಣದವರಿಗೆ ಹಣ್ಣಾದ ಹುಳದ ಬಣ್ಣ ತಿಳಿಯದು, ಆದರೆ ಗೂಡು ಬಿಡಿಸುವಾಗ ಗಟ್ಟಿ ಯಾವುದು ಜೊಳ್ಳು ಯಾವುದು ಎಂಬುದನ್ನು ಬೆರಳು ಹೇಳುತ್ತದೆ. ಬುದ್ಧಿ ನಿಧಾನವಾದ ಹುಡುಗನಿಗೆ ದಿನಕ್ಕೆ ಇಷ್ಟು ಹೊತ್ತಿಗೆ ಇಷ್ಟು ಸೊಪ್ಪು ಎಂಬ ಬದಲಾಗದ ಕ್ರಮವೇ ಅನುಕೂಲ. ಸಮೀಕ್ಷೆಯವರು ಹೀಗೆ ಕೆಲಸವನ್ನು ಬಿಡಿಸಿ ನೋಡಿದರೆ, ‘ರೇಷ್ಮೆ ಇವರಿಗೆ ಆಗದು’ ಎಂಬ ಒಂದು ಸಾಲಿನ ತೀರ್ಪು ಕರಗಿ, ಎಂಟರಲ್ಲಿ ಎರಡು ಆಗದು, ಆರು ಆಗುತ್ತದೆ ಎಂಬ ಲೆಕ್ಕ ಕೈಗೆ ಬರುತ್ತದೆ. ಆಗದ ಆ ಎರಡರಲ್ಲೂ ಒಂದಕ್ಕೆ ಬೇಕಾಗಿರುವುದು ತರಬೇತಿಯಲ್ಲದೆ ಇರಬಹುದು. ಸೊಪ್ಪನ್ನು ರೆಂಬೆ ಸಮೇತ ಹಾಕುವ ಪದ್ಧತಿಯಲ್ಲಿ ಹುಳ ಸಾಕುವ ಅಟ್ಟಣೆಗಳು ಒಂದರ ಮೇಲೊಂದು ಎತ್ತರಕ್ಕೆ ಏಳುತ್ತವೆ. ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೆ ಕೆಳಗಿನವು ಮಾತ್ರ ಸಿಗುತ್ತವೆ. ಅಲ್ಲಿ ಕಲಿಯಬೇಕಾದವರು ಅಂಗವಿಕಲರಲ್ಲ, ಅಟ್ಟಣೆ ಕಟ್ಟುವ ಬಡಗಿ.

ಗೂಡು ಮಾರುವ ಜಾಗವನ್ನೂ ಸಮೀಕ್ಷೆ ನೋಡಬೇಕು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದದ್ದು. ಅಲ್ಲಿ ಹಿಂದೆ ಹರಾಜು ಕೂಗಿನಲ್ಲಿ ನಡೆಯುತ್ತಿತ್ತು. ಈಗ ಇ-ಹರಾಜು ಬಂದು ಬೆಲೆ ಪರದೆಯ ಮೇಲೆ, ಮೊಬೈಲಿನಲ್ಲಿ ಕಾಣುತ್ತದೆ, ಹಣ ಬ್ಯಾಂಕ್ ಖಾತೆಗೆ ಬೀಳುತ್ತದೆ. ಈ ಬದಲಾವಣೆ ಆದದ್ದು ತೂಕ ಮತ್ತು ಬೆಲೆಯಲ್ಲಿ ರೈತರಿಗೆ ಮೋಸವಾಗದಿರಲಿ ಎಂದು. ಅಂಗವಿಕಲರನ್ನು ಯಾರೂ ನೆನೆದಿರಲಿಕ್ಕಿಲ್ಲ. ಆದರೂ ಕಿವಿ ಕೇಳದ ಒಬ್ಬ ಬೆಳೆಗಾರನಿಗೆ ಮಾರುಕಟ್ಟೆಯ ಬಾಗಿಲನ್ನು ಅದು ಅರ್ಧ ತೆರೆಯಿತು: ಕೂಗು ಕೇಳದವನೂ ಅಂಕಿ ಓದಬಲ್ಲ. ಅಂಕಿ ಓದಲು ಬಂದರೆ ಮಾತ್ರ. ಹಾಗಾಗಿ ಅಂಥವರ ‘ತರಬೇತಿಯ ಅಗತ್ಯ’ ಎಂಬ ಅಂಕಣದಲ್ಲಿ ಬರೆಯಬೇಕಾದದ್ದು ಹೊಲಿಗೆಯಲ್ಲ. ಅಂಕಿ, ಮೊಬೈಲು ಮತ್ತು ಪಾಸ್‌ಬುಕ್. ಹತ್ತು ದಿನದ ಕಲಿಕೆ. ಮಗನಿಗೆ ಕಿವಿ ಕೇಳದು ಎಂಬ ಕಾರಣಕ್ಕೆ ಇಷ್ಟು ದಿನ ಅಪ್ಪನೋ ಅಣ್ಣನೋ ಗೂಡಿನ ದುಡ್ಡು ಎಣಿಸಿಕೊಳ್ಳುತ್ತಿದ್ದ ಮನೆಯಲ್ಲಿ ಈ ಹತ್ತು ದಿನ ಒಂದು ಸಣ್ಣ ಕ್ರಾಂತಿಯನ್ನೂ ಮಾಡೀತು, ಮನಸ್ತಾಪವನ್ನೂ ತಂದೀತು.

ಚನ್ನಪಟ್ಟಣದ ಗೊಂಬೆಗೂ ಇದೇ ಮಾತು. ಆಲೆಮರದ ಹದವಾಗಿ ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿಯಿಂದ ಆಕಾರ ತೆಗೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಒಣಗರಿಯಿಂದ ಉಜ್ಜಿ ಹೊಳಪು. ಲೇತಿನ ಮುಂದೆ ಕೂತವರ ಕೈಚಳಕವೇ ಕಣ್ಣಿಗೆ ಬೀಳುವುದರಿಂದ ಗೊಂಬೆ ಮಾಡುವುದೆಂದರೆ ಅಷ್ಟೇ ಎಂದುಕೊಳ್ಳುತ್ತೇವೆ. ಅದರ ಹಿಂದೆ ಮುಂದೆ ಮರ ಆರಿಸುವುದು, ಅಳತೆಗೆ ಕೊಯ್ಯುವುದು, ಮಣಿ ಪೋಣಿಸುವುದು, ಬಿಡಿಭಾಗ ಜೋಡಿಸುವುದು, ಕಣ್ಣು ಮೂಗು ಬರೆಯುವುದು, ಲೆಕ್ಕ ಮಾಡಿ ಪೆಟ್ಟಿಗೆಗೆ ತುಂಬುವುದು ಇವೆ. ಮಣಿ ಪೋಣಿಸಲು ಕಣ್ಣು ಬೇಕೇಬೇಕೆಂದಿಲ್ಲ. ಲೇತಿನ ಸದ್ದಿನಲ್ಲಿ ಕಿವಿ ಕೇಳದಿರುವುದು ಅಂಥ ದೊಡ್ಡ ತೊಡಕಲ್ಲ, ಅಪಾಯದ ಸೂಚನೆಗೆ ಬೆಲ್ಲಿನ ಬದಲು ದೀಪ ಹಾಕಿದರಾಯಿತು. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಜೋಡಿಸುವ, ಪೋಣಿಸುವ ಕೆಲಸಕ್ಕೆ ಕೂಲಿ ಕಡಿಮೆ; ಲೇತಿನವರಿಗೆ ಹೆಚ್ಚು. ಅಂಗವಿಕಲರನ್ನೆಲ್ಲ ಸುಲಭದ ಕೆಲಸ ಎಂದು ಪೋಣಿಸುವ ಮೂಲೆಗೆ ಕೂರಿಸಿದರೆ ಕೆಲಸ ಸಿಕ್ಕಿತು ಎಂದು ವರದಿ ಬರೆಯಬಹುದು, ಹೊಟ್ಟೆ ತುಂಬುತ್ತದೆ ಎಂದು ಬರೆಯಲಾಗದು. ಒಂದೊಂದು ಹಂತದ ಕೂಲಿ ಎಷ್ಟು ಎಂಬುದೂ ಸಮೀಕ್ಷೆಯ ಹಾಳೆಯಲ್ಲಿರಬೇಕು. ಕಾಲಿನ ಪೆಡಲಿಗೆ ಬದಲು ಕೈ ಗುಂಡಿ ಇಟ್ಟರೆ ಲೇತು ನಡೆಸಬಲ್ಲವರು ಯಾರಿದ್ದಾರೆ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ.

ಅಗತ್ಯ ಎಂದರೆ ತರಬೇತಿಯೇ ಎಂದು ಮೊದಲೇ ತೀರ್ಮಾನಿಸಿ ಹೊರಟರೆ ಇನ್ನೊಂದು ದೊಡ್ಡ ಸಂಗತಿ ಕೈತಪ್ಪುತ್ತದೆ, ಅದು ಸಂತೆ. ಇದಕ್ಕೆ ಈ ಜಿಲ್ಲೆಯೇ ಎರಡು ಪಾಠ ಹೇಳಿದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡಾ 30ರಿಂದ 5ಕ್ಕೆ ಇಳಿಯಿತು. ಚೀನಾದ ನೂಲು ಅಗ್ಗವಾಗಿ ಬಂತು, ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. ಎರಡನೆಯದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ. ಹಳೆಯ ಹೆದ್ದಾರಿ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ, ರಾಮನಗರ–ಚನ್ನಪಟ್ಟಣದ ಗೊಂಬೆ ಅಂಗಡಿಗಳ ಮುಂದೆಯೇ ಹಾದು ಹೋಗುತ್ತಿತ್ತು. ಹೊಸ ರಸ್ತೆ ಊರುಗಳನ್ನು ಬಳಸಿಕೊಂಡು ಹೋಯಿತು. ಕಾರುಗಳೂ ಅದರ ಮೇಲೆಯೇ ಹೋದವು. ರಸ್ತೆ ಬದಿಯ ವ್ಯಾಪಾರಿಗಳ ಅಳಲು ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಬಂತು. ನಡೆದಾಡಲು ಕಷ್ಟವಿರುವವರಿಗೆ ರಸ್ತೆ ಬದಿಯಲ್ಲಿ ಕೂತು ಮಾಡುವ ವ್ಯಾಪಾರ ಒಳ್ಳೆಯದು ಎಂದು ಪೆಟ್ಟಿಗೆ ಅಂಗಡಿಗೆ ಸಾಲ ಕೊಡಿಸುವುದು ನಮ್ಮಲ್ಲಿ ಹಳೆಯ ರೂಢಿ. ಒಳ್ಳೆಯ ಯೋಚನೆಯೇ, ರಸ್ತೆ ಅಲ್ಲೇ ಇರುವವರೆಗೆ. ಎರಡು ಕಾಲಿನ ಮೇಲೆ ನಿಂತ ವ್ಯಾಪಾರಿ ಗಾಡಿ ತಳ್ಳಿಕೊಂಡು ಇನ್ನೊಂದು ಕಡೆ ಹೋಗುತ್ತಾನೆ. ಗಾಲಿಕುರ್ಚಿಯವರಿಗೆ ಅಂಗಡಿ ಕದಲಿಸುವುದೆಂದರೆ ಹೊಸದಾಗಿ ಇಳಿಜಾರು, ಹೊಸದಾಗಿ ಶೌಚಾಲಯ, ಹೊಸದಾಗಿ ಸಹಾಯದವರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಗ್ರಾಮೀಣ ತರಬೇತಿಗೆಂದು ರೂಪಿಸಿದ ಕ್ರಮದಲ್ಲಿ ಸ್ಥಳೀಯವಾಗಿ ಯಾವ ವಸ್ತುವಿಗೆ, ಯಾವ ಸೇವೆಗೆ ಗಿರಾಕಿ ಇದೆ ಎಂಬ ಶೋಧ ಮೊದಲು ಬರುತ್ತದೆ, ತರಬೇತಿಯ ವಿನ್ಯಾಸ ಆಮೇಲೆ. ನಮ್ಮ ಹಾಳೆಗಳಲ್ಲಿ ಗಿರಾಕಿಗೆ ಜಾಗವೇ ಇರುವುದಿಲ್ಲ.

ಹಾಗಾದರೆ ಕೇಳುವವರು ಯಾರು, ಯಾರನ್ನು? ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಹಳ್ಳಿಯಲ್ಲಿ ಜನ ಅವರನ್ನು ವಿ.ಆರ್.ಡಬ್ಲ್ಯು., ಎಂ.ಆರ್.ಡಬ್ಲ್ಯು. ಎಂದೇ ಕರೆಯುತ್ತಾರೆ. ಅವರೂ ಅಂಗವಿಕಲರೇ, ಅದೇ ಸೀಮೆಯವರೇ, ಗೌರವಧನದ ಮೇಲೆ ದುಡಿಯುವವರು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ಹೊರಗಿನ ಸಂಸ್ಥೆಯೊಂದು ಬಾಡಿಗೆಗೆ ತಂದ ಸಮೀಕ್ಷಕರಿಗಿಂತ ಅವರು ಎಷ್ಟೋ ಮೇಲು. ಒಂದೇ ತೊಡಕು: ಮಾಸಾಶನದ ಅರ್ಜಿ ಬರೆಸುವವರೂ ಅವರೇ. ಮಾಸಾಶನಕ್ಕೆ ಆದಾಯದ ಮಿತಿ ಇದೆ, ಬಿಪಿಎಲ್ ಕಾರ್ಡಿಗೂ ಇದೆ. ಆ ಅರ್ಜಿ ಬರೆದ ಕೈಯೇ ಬಂದು ‘ತಿಂಗಳಿಗೆ ಎಷ್ಟು ದುಡಿಯುತ್ತೀರಿ’ ಎಂದು ಕೇಳಿದರೆ ಯಾವ ಮನೆಯವರು ನಿಜ ಹೇಳುತ್ತಾರೆ? ಏನೂ ದುಡಿಮೆ ಇಲ್ಲ ಎನ್ನುವುದೇ ಜಾಣತನ. ಆದ್ದರಿಂದ ಈ ಹಾಳೆಗೂ ಮಾಸಾಶನಕ್ಕೂ ಸಂಬಂಧವಿಲ್ಲ ಎಂಬುದು ಬಾಯಿಮಾತಲ್ಲಿ ಅಲ್ಲ, ಕಂದಾಯ ಇಲಾಖೆಯ ಬರಹದಲ್ಲೇ ಇರಬೇಕು. ಹಣದ ಪ್ರಶ್ನೆಗೆ ಬದಲು ಕೆಲಸದ ಪ್ರಶ್ನೆ, ಹೊತ್ತಿನ ಪ್ರಶ್ನೆ ಕೇಳಬೇಕು. ಬೆಳಗ್ಗೆ ಎದ್ದದ್ದರಿಂದ ಮಲಗುವವರೆಗೆ ನಿನ್ನೆ ಏನೇನು ಮಾಡಿದಿರಿ ಎಂದು ಕೇಳಿದರೆ ಸುಳ್ಳು ಹೇಳುವ ಅಗತ್ಯ ಬೀಳುವುದಿಲ್ಲ.

ಉತ್ತರಿಸುವವರು ಯಾರು ಎಂಬುದು ಇನ್ನೂ ಸೂಕ್ಷ್ಮ. ಕಿವಿ ಕೇಳದ ಮಗನ ಪರವಾಗಿ ತಾಯಿ, ಕಣ್ಣು ಕಾಣದ ಹೆಂಡತಿಯ ಪರವಾಗಿ ಗಂಡ, ಮಾನಸಿಕ ಕಾಯಿಲೆಯ ತಮ್ಮನ ಪರವಾಗಿ ಅಣ್ಣ ಮಾತಾಡುತ್ತಾರೆ. ಪ್ರೀತಿಯಿಂದಲೇ ಮಾತಾಡುತ್ತಾರೆ, ‘ಅವನಿಗೆ ಏನೂ ತಿಳಿಯಲ್ಲ ಸ್ವಾಮಿ’ ಎಂಬ ಮಾತಿನಲ್ಲಿ ಮಮತೆಯೇ ಹೆಚ್ಚು. ಆದರೆ ಅದರ ಫಲ, ಆ ಮಗ ಹುಳದ ಮನೆಯಲ್ಲಿ ದಿನವಿಡೀ ಮಾಡುವ ಕೆಲಸ ಹಾಳೆಯ ಮೇಲೆ ಬಾರದಿರುವುದು. ಮನೆಯವರಷ್ಟೇ ಬಲ್ಲ ಕೈಸನ್ನೆ ಕೆಲವೊಮ್ಮೆ ಇರುತ್ತದೆ, ಅದನ್ನು ಬಳಸಿಯೇ ಅವನನ್ನೂ ಕೇಳಬೇಕು, ಇಲ್ಲವೇ ಅವನು ಕೆಲಸ ಮಾಡುವ ಹೊತ್ತಿಗೆ ಹೋಗಿ ನೋಡಬೇಕು. ನೋಡುವುದು ಕೇಳುವುದಕ್ಕಿಂತ ಒಳ್ಳೆಯ ಸಮೀಕ್ಷೆ. ಮಾನಸಿಕ ಕಾಯಿಲೆಯವರ ಸ್ಥಿತಿ ಎಲ್ಲರಿಗಿಂತ ಬಿಗಿ: ಕಾಯ್ದೆ ಅವರನ್ನು ಅಂಗವಿಕಲರೆಂದು ಒಪ್ಪಿದೆ, ಊರು ಒಪ್ಪಿಲ್ಲ, ಮನೆಯವರು ಮುಚ್ಚಿಡುತ್ತಾರೆ. ಅವರಲ್ಲಿ ಎಷ್ಟೋ ಜನ ಬೇಸಾಯ, ಕಲ್ಲುಕೆಲಸ, ರೇಷ್ಮೆ ನೂಲು ಬಿಚ್ಚಣಿಕೆ ಮೊದಲೇ ಬಲ್ಲವರು. ಕಾಯಿಲೆ ಬಂದು ಬಿಟ್ಟವರು. ಅವರಿಗೆ ಹೊಸ ಕಸುಬು ಬೇಡ. ತಪ್ಪದೆ ಸಿಗುವ ಮಾತ್ರೆ, ಹಳೆಯ ಕಸುಬಿಗೆ ದಿನಕ್ಕೆ ಎರಡು ಗಂಟೆಯಂತೆ ಮೆಲ್ಲಗೆ ಮರಳುವ ಅವಕಾಶ ಬೇಕು.

ಇದೆಲ್ಲ ಆಗುವ ಮಾತೇ, ಇಷ್ಟು ನಿಧಾನವಾಗಿ ಒಬ್ಬೊಬ್ಬರನ್ನೂ ನೋಡುತ್ತ ಕೂತರೆ ಬಜೆಟ್ ವರ್ಷ ಮುಗಿದುಹೋಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಜಿಲ್ಲೆಯಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ. ಮೇಲಿನ ಅಂದಾಜಿನ 23 ಸಾವಿರದಲ್ಲಿ ಮುಕ್ಕಾಲು ಪಾಲು ಹಳ್ಳಿಯವರೆಂದರೆ ಒಂದು ಪಂಚಾಯಿತಿಗೆ ಸುಮಾರು 140 ಮಂದಿ. ಮಕ್ಕಳನ್ನೂ ವಯಸ್ಸಾದವರನ್ನೂ ಬಿಟ್ಟರೆ 80–90 ಮಂದಿ ಉಳಿದಾರು. ದಿನಕ್ಕೆ ಇಬ್ಬರ ಮನೆಯಂತೆ ಹೋದರೆ 45 ದಿನದ ಕೆಲಸ. ಹಬ್ಬ ಹುಣ್ಣಿಮೆ, ರಾಗಿ ಕೊಯ್ಲು ಎಲ್ಲ ಬಿಟ್ಟರೂ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಕನಕಪುರದ ಉಯ್ಯಂಬಳ್ಳಿಯಂಥ ಕಾಡಂಚಿನ ಹೋಬಳಿಗಳಲ್ಲಿ ಇನ್ನಷ್ಟು ಹಿಡಿಯಬಹುದು. ರಾಮನಗರ ತಾಲ್ಲೂಕಿನ ಕೂಟಗಲ್ಲಿನಲ್ಲಿ ಬೇಗ ಆಗಬಹುದು. ಕಾರ್ಯಕರ್ತರ ಗೌರವಧನಕ್ಕೆ ಇದರ ಬಾಬ್ತು ಏನಾದರೂ ಸೇರಿಸಬೇಕು, ಅದು ಬೇರೆ ಮಾತು. ಮೂವತ್ತು ಜನಕ್ಕೆ ಹೊಲಿಗೆ ಕಲಿಸಿ, ಅವರಲ್ಲಿ ಇಪ್ಪತ್ತು ಜನರ ಯಂತ್ರ ಮೂಲೆ ಸೇರಿದರೆ ಆಗುವ ನಷ್ಟವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ದುಬಾರಿ ಯಾವುದೆಂದು ಕೇಳುವ ಅಗತ್ಯವಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಅವರೇ ಹೊಲಿಗೆ ಬೇಕು ಎಂದು ಕೇಳುತ್ತಾರಲ್ಲ, ಕೇಳಿದ್ದನ್ನು ಕೊಡದೆ ನೀವೇನು ನಿರ್ಧರಿಸುವುದು? ಇದಕ್ಕೆ ಗೌರವದಿಂದಲೇ ಉತ್ತರಿಸಬೇಕು, ಏಕೆಂದರೆ ಅಂಗವಿಕಲರ ಪರವಾಗಿ ಇತರರು ನಿರ್ಧರಿಸುವುದೇ ಮೂಲ ರೋಗ. ಹೊಲಿಗೆ ಬೇಕೆನ್ನುವವರಲ್ಲಿ ನಿಜವಾಗಿಯೂ ಹೊಲಿಗೆಯ ಒಲವಿರುವವರು ಇರುತ್ತಾರೆ. ಊರಲ್ಲಿ ಬ್ಲೌಸು ಹೊಲಿಸುವವರಿದ್ದಾರೆಯೇ, ಈಗಾಗಲೇ ಎಷ್ಟು ದರ್ಜಿಗಳಿದ್ದಾರೆ ಎಂದು ನೋಡಿ ಅವರಿಗೆ ಕೊಡಿಸಬೇಕು. ಉಳಿದವರು ಹೊಲಿಗೆ ಎನ್ನುವುದು, ಕೇಳಬಹುದಾದದ್ದು ಅದೊಂದೇ ಎಂದು ಗೊತ್ತಿರುವುದರಿಂದ. ಹೋಟೆಲಿನಲ್ಲಿ ಇಡ್ಲಿ ಮಾತ್ರ ಇದೆ ಎಂದು ತಿಳಿದವರು ದೋಸೆ ಕೇಳುವುದಿಲ್ಲ. ಆಯ್ಕೆಗೆ ಅರ್ಥ ಬರಬೇಕಾದರೆ ಕೇಳುವ ಮೊದಲು ತೋರಿಸಬೇಕು. ತಮ್ಮಂಥವರೇ ಇನ್ನೊಂದು ಕಡೆ ದುಡಿಯುತ್ತಿರುವುದನ್ನು ಕಂಡ ಮೇಲೆ ಕೊಡುವ ಉತ್ತರವೇ ಬೇರೆ. ಥಾಯ್ಲೆಂಡಿನ ಉಬೊನ್ ರಾಟ್ಚತಾನಿಯಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಅಂಗವಿಕಲ ರೈತರಿಗೆ ಅಣಬೆ ಬೇಸಾಯ ಕಲಿಸಿತು. ಮಣ್ಣಿನ ಕೆಲಸ ಇವರಿಗಲ್ಲ ಎಂಬ ಮಾತಿಗೆ ಅದೊಂದು ಉತ್ತರ. ಅಷ್ಟು ದೂರವೇಕೆ? 1959ರಲ್ಲಿ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ತೋಟಗಾರಿಕೆಯನ್ನು ಅಂಗವಿಕಲರಿಗೆ ಕಲಿಸುತ್ತ ಬಂದಿದೆ. ಮಾಗಡಿಯ ಮಾವಿನ ತೋಪುಗಳ ನಡುವೆ ಕೂತ ಯುವಕನಿಗೆ ನರ್ಸರಿಯ ಕಸಿ ಕೆಲಸ ಕೂತು ಮಾಡುವಂಥದ್ದು ಎಂದು ಯಾರಾದರೂ ತೋರಿಸಿದ್ದಾರೆಯೇ?

ಮೂರನೆಯ ಮಾತು ಓದಿದ ತರುಣ ತರುಣಿಯರಿಂದ ಬರುತ್ತದೆ, ಬರಬೇಕು ಕೂಡ: ಹುಳ, ಹಸು, ಗೊಂಬೆ ಎಂದು ನಮ್ಮನ್ನು ಹಳ್ಳಿಗೇ ಕಟ್ಟಿಹಾಕುತ್ತೀರಾ? ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯಿದೆ, ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ, ಪಕ್ಕದಲ್ಲೇ ಬೆಂಗಳೂರಿದೆ. ಈ ಸಿಟ್ಟು ನ್ಯಾಯವಾದದ್ದು. ಮನೆಯ ಕೆಲಸದಿಂದ ಆರಂಭಿಸಿ ಎಂದರೆ ಮನೆಯಲ್ಲೇ ಮುಗಿಸಿ ಎಂದಲ್ಲ. ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇಕಡಾ 4 ಮೀಸಲಾತಿ ಇದೆ. ಖಾಸಗಿಯವರಿಗೆ ಕಡ್ಡಾಯ ಮೀಸಲಾತಿ ಇಲ್ಲದಿದ್ದರೂ ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಅಂಗವಿಕಲರಿಗೆ ಹೊಂದುವ ಹುದ್ದೆಗಳನ್ನು ಅದರಲ್ಲಿ ಹೆಸರಿಸಬೇಕು ಎಂದು ನಿಯಮವಿದೆ. ತರಬೇತಿ ಸಂಸ್ಥೆಗಳು ಹಾರೋಹಳ್ಳಿ, ಬಿಡದಿಯ ಗೇಟುಗಳಿಗೆ ಹೋಗಿ ಆ ಕಾಗದಗಳನ್ನು ಕೇಳಿ ತಂದರೆ ಯಾವ ಕಲಿಕೆ ಬೇಕೆಂಬುದು ಅರ್ಧ ಸ್ಪಷ್ಟವಾಗುತ್ತದೆ. ಉಳಿದರ್ಧ ದಾರಿಯ ಪ್ರಶ್ನೆ. ಚನ್ನಪಟ್ಟಣ, ರಾಮನಗರ, ಬಿಡದಿ ರೈಲು ಹಳಿಯ ಮೇಲಿವೆ. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ. ರಿಯಾಯಿತಿ ಬಸ್ ಪಾಸಿಗೆ ಊರಿನಿಂದ 100 ಕಿಲೋಮೀಟರ್ ಮಿತಿ ಇದೆ, ಬೆಂಗಳೂರು ಅದರೊಳಗೇ ಬರುತ್ತದೆ. ಆದರೆ ಪಾಸು ಇದ್ದ ಮಾತ್ರಕ್ಕೆ ಬಸ್ಸಿನ ಮೆಟ್ಟಿಲು ತಗ್ಗುವುದಿಲ್ಲ. ಒಂದೇ ಓದು, ಒಂದೇ ಅಂಗವಿಕಲತೆ ಇರುವ ಇಬ್ಬರಲ್ಲಿ ಚನ್ನಪಟ್ಟಣದವರಿಗೆ ಬೇಕಾದದ್ದು ಕಂಪ್ಯೂಟರ್ ಕೋರ್ಸ್ ಆದರೆ, ಮಾಗಡಿ ತಾಲ್ಲೂಕಿನ ಕುದೂರಿನವರಿಗೆ ಕೋರ್ಸಿನ ಜೊತೆಗೆ ಬೆಂಗಳೂರಿನಲ್ಲಿ ಒಂದು ಹಾಸ್ಟೆಲ್ ಕೋಣೆ. ಕೋಣೆಯಿಲ್ಲದ ಕೋರ್ಸು ಗೋಡೆಗೆ ತೂಗುಹಾಕುವ ಸರ್ಟಿಫಿಕೇಟು.

ದುಡಿಯಲಾಗದ ತೀವ್ರ ಸ್ಥಿತಿಯಲ್ಲಿರುವವರ ಗತಿಯೇನು ಎಂಬುದಕ್ಕೆ ಉತ್ತರ ಸುಲಭವಲ್ಲ. ದುಡಿಯಲೇಬೇಕು ಎಂದು ಯಾರನ್ನೂ ಒತ್ತಾಯಿಸುವ ಹಕ್ಕು ತರಬೇತಿ ಯೋಜನೆಗಿಲ್ಲ. ಮಾಸಾಶನ ಇರುವುದು ಅದಕ್ಕೇ, ಆ ಮೊತ್ತ ಸಾಲದು ಎಂಬುದು ಇನ್ನೊಂದು ಜಗಳ. ಆದರೆ ಸಮೀಕ್ಷೆ ಅಂಥ ಮನೆಯಲ್ಲೂ ಒಂದು ಪ್ರಶ್ನೆ ಕೇಳಬಹುದು. ಮಗುವನ್ನು ಹಗಲಿಡೀ ನೋಡಿಕೊಳ್ಳುವ ತಾಯಿಗೆ ಕೂಲಿ ತಪ್ಪಿದೆ. ಮನೆಯಂಗಳದಲ್ಲೇ ಆಗುವ ಒಂದು ಹಸು, ಎರಡು ಕುರಿ, ಚಾಕಿ ಸಾಕಾಣಿಕೆಯ ಒಂದು ಪಾಲು ಅವಳಿಗೆ ಒದಗೀತೇ? ತರಬೇತಿ ಪಡೆಯುವವರು ಅಂಗವಿಕಲರೇ ಆಗಿರಬೇಕೆಂಬ ನಿಯಮ ಇಂಥ ಕಡೆ ಸಡಿಲವಾಗಬೇಕು.

ಇನ್ನು ಕಲಿಸುವ ಬಗೆ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆ ಸೇರಿ ಆರಂಭಿಸಿದ ರುಡ್‌ಸೆಟ್ ಸ್ವಯಂ ಉದ್ಯೋಗ ತರಬೇತಿಯ ಮಾದರಿ ಈಗ ದೇಶದುದ್ದಕ್ಕೂ ಹರಡಿದೆ: ಅಲ್ಲೇ ಉಳಿದು, ಉಚಿತವಾಗಿ ಕೆಲವು ವಾರ ಕಲಿಯುವುದು, ಆಮೇಲೆ ಎರಡು ವರ್ಷ ಸಂಸ್ಥೆಯವರು ಬೆನ್ನಿಗೆ ನಿಲ್ಲುವುದು. ಆ ಎರಡು ವರ್ಷದ ಭಾಗವೇ ಅದರ ಜೀವ, ಅದನ್ನು ಅಂಗವಿಕಲರ ತರಬೇತಿಗೆ ಹಾಗೇ ತರಬೇಕು. ಅಲ್ಲೇ ಉಳಿಯಬೇಕೆಂಬ ಭಾಗ ಮಾತ್ರ ಅನೇಕರಿಗೆ ಬಾಗಿಲಲ್ಲೇ ತಡೆ. ಮನೆಯ ಶೌಚಾಲಯಕ್ಕೆ, ಮನೆಯವರ ಕೈಗೆ ಒಗ್ಗಿದ ಮೈಯನ್ನು ತಿಂಗಳ ಕಾಲ ಬೇರೆ ಕಡೆ ಒಯ್ಯುವುದು ಸಣ್ಣ ಮಾತಲ್ಲ. ಊರಿನ ಹುಳದ ಮನೆಯಲ್ಲೇ, ಗೊಂಬೆ ಕಾರ್ಖಾನೆಯಲ್ಲೇ, ಬಲ್ಲವರ ಕೈಕೆಳಗೆ ಕೂಲಿ ಸಹಿತ ಕಲಿಯುವಂತಾದರೆ ಕಲಿತ ಕೆಲಸಕ್ಕೂ ಮಾಡುವ ಕೆಲಸಕ್ಕೂ ಅಂತರ ಉಳಿಯುವುದಿಲ್ಲ.

ಒಮ್ಮೆ ಅಳೆದ ಅಗತ್ಯ ಬಹಳ ದಿನ ಬಾಳುವುದೂ ಇಲ್ಲ. ರಾಮನಗರದ ಬಿಚ್ಚಣಿಕೆ ಮನೆಗಳಲ್ಲಿ ಚರಕದ ಮುಂದೆ ಕೂತು, ಬಿಸಿನೀರಿನಲ್ಲಿ ಕೈಯಿಟ್ಟು, ಗೂಡಿನ ಎಳೆಯ ತುದಿ ಹುಡುಕುವವರ ಕೆಲಸವನ್ನು ಈಗ ಸ್ವಯಂಚಾಲಿತ ಯಂತ್ರಗಳು ಕಿತ್ತುಕೊಳ್ಳುತ್ತಿವೆ. ಚರಕಕ್ಕೆ ಬೇಕಾದದ್ದು ಚುರುಕು ಬೆರಳು, ಬಿಸಿ ತಡೆಯುವ ಚರ್ಮ. ಯಂತ್ರಕ್ಕೆ ಬೇಕಾದದ್ದು ಸಾಲಿನುದ್ದಕ್ಕೂ ನಡೆದಾಡುತ್ತ ಎಳೆ ಎಲ್ಲಿ ಕಡಿಯಿತು ಎಂದು ನೋಡುವ ಕಣ್ಣು. ಕೂತು ದುಡಿಯುತ್ತಿದ್ದ, ಕಾಲಿನ ಬಲವಿಲ್ಲದ ಹೆಂಗಸಿಗೆ ಅಲ್ಲಿ ಬಾಗಿಲು ಮುಚ್ಚಿತು; ಗದ್ದಲದ ಷೆಡ್ಡಿನಲ್ಲಿ ಕಣ್ಣಿನಿಂದಲೇ ಕೆಲಸ ನಡೆಸಬಲ್ಲ ಕಿವುಡ ಹುಡುಗನಿಗೆ ತೆರೆಯಿತು. ಎರಡು ವರ್ಷದ ಹಿಂದೆ ಇವರಿಬ್ಬರ ಮನೆಯಲ್ಲಿ ತುಂಬಿಸಿಕೊಂಡ ಹಾಳೆ ಹಿಡಿದು ಹೋದವರು ಅವಳಿಗೆ ಬಿಚ್ಚಣಿಕೆ, ಅವನಿಗೆ ಹೊಲಿಗೆ ಎಂದು ಬರೆದುಕೊಂಡೇ ಹೊರಟಿರುತ್ತಾರೆ.